ಇಲಿ ಕಡಿದ ವೈರು

ಸೋಮವಾರ ಮುಂಜಾನೆ ರಾಜೇಶ್ರೀ ಕೀಲಿ ತಿರುವಿದಾಗ ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ತಿರುವಿದಳು. ಸ್ಟೇರಿಂಗ್ ಹಿಂದಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು, ಎಂಜಿನ್ ಮಾತ್ರ ಅಲುಗಲಿಲ್ಲ. ತೊಡೆಯ ಮೇಲಿದ್ದ ಊಟದ ಡಬ್ಬಿಯನ್ನು ಪಕ್ಕದ ಸೀಟಿಗೆ ಸರಿಸಿ ಅವಳು ಹಾಗೇ ಕುಳಿತಳು. ದಸರೆ ರಜೆ ಮುಗಿದು ಶಾಲೆ ತೆರೆಯುವ ದಿನ. ಕಮಲಾಪುರದ ಪ್ರೌಢಶಾಲೆಯಲ್ಲಿ ಪ್ರಾರ್ಥನೆಗೆ ಮುಂಚೆ ಅವಳು ಇರಬೇಕಿತ್ತು.

ಸದ್ದು ಕೇಳಿ ಗಂಡ ಗುರುಲಿಂಗ ಹಲ್ಲುಜ್ಜುತ್ತಲೇ ಹೊರಗೆ ಬಂದ. ಬಾಯಿಯ ನೊರೆಯನ್ನು ಕಂಪೌಂಡಿನ ಬುಡಕ್ಕೆ ಉಗುಳಿ ಕೇಳಿದ:

"ಮತ್ತ ಕಡೀತೇನು?"

"ನೋಡಬೇಕ್ರಿ."

"ನೋಡೂದೇನದ? ಬಾನೆಟ್ ಎತ್ತು."

ಎತ್ತಿದರು. ಎಂಜಿನ್ನಿನ ಮೇಲೆ ಒಣ ಹುಲ್ಲು, ಕೆಂಪು ಬಟ್ಟೆಯ ಎಳೆಗಳು, ಕರಿ ಜೀರಿಗೆ ಚೆಲ್ಲಿದಂತೆ ಇಲಿಯ ಹಿಕ್ಕೆ. ಬೆರಳುದಪ್ಪದ ವೈರಿನ ಕಂತೆ ನಡುವೆ ಕಡಿದುಹೋಗಿ ಒಳಗಿನ ತಾಮ್ರ ಹೊಳೆಯುತ್ತಿತ್ತು.

ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ದುಂಡಮ್ಮ ಅಲ್ಲಿಂದಲೇ ಶುರುಮಾಡಿದಳು. "ಹೆಣಮಗಳು ಗಾಡಿ ಹೊಡಿಯೂದು ನಮ್ಮ ಮನಿತನದಾಗ ಇಲ್ಲಂತ ನಾ ಆವಾಗೇ ಬಡಕೊಂಡೆ. ಯಾರ ಕೇಳ್ತೀರಿ?"

"ಹೊಡಿಯಾಕಿ ಹೆಣಮಗಳೋ ಗಣಮಗನೋ, ಇಲಿಗಿ ಗೊತ್ತಾಗ್ತದೇನ ಆಯಿ?" ಮಗಳು ಭಾಗ್ಯಜ್ಯೋತಿ ಜಡೆ ಹಾಕಿಕೊಳ್ಳುತ್ತ ಬಾಗಿಲಿಗೆ ಬಂದಳು. ಶರಣಬಸವೇಶ್ವರ ಗುಡಿಯ ಹತ್ತಿರದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ.

"ನೀ ಸುಮ್ಮ ಕಾಲೇಜಿಗಿ ಹೋಗು. ದೊಡ್ಡಾಕಿ ಬಂದ್ಲು."

ಗುರುಲಿಂಗ ಕಡಿದ ವೈರನ್ನು ಎರಡು ಬೆರಳಲ್ಲಿ ಎತ್ತಿ ಹೆಂಡತಿಗೆ ತೋರಿಸಿದ. "ದಸರಾಕ್ಕಿಂತ ಮೊದಲ ಒಮ್ಮೆ ಕಡಿದ್ವು, ಈಗ ಮತ್ತ. ನೀ ಕಮಲಾಪುರದಿಂದ ಕೆಂಪ ಬಾಳಿಹಣ್ಣ ಹೇರ್ಕೊಂಡ ಬರ್ತಿ ನೋಡು, ಅದರ ವಾಸನಿಗಿ ಬರ್ತಾವ."

"ಬಾಳಿಹಣ್ಣ ಹಿಂದ ಡಿಕ್ಕಿನ್ಯಾಗ ಇಡ್ತೀನ್ರಿ. ಮುಂದ ಯಾಕ ಬರ್ತಾವ?"

"ಹಂಗಾದ್ರ ರಸ್ತೆ ಮ್ಯಾಲಿನ ರಾಶಿ. ಮಹಾಗಾಂವ ಹತ್ರ ರಸ್ತೆ ತುಂಬ ಸೋಯಾ ಹಾಸ್ಯಾರ, ನೀ ಅದರ ಮ್ಯಾಲೇ ಹಾಯ್ಸಿ ಬರ್ತಿ. ಕಾಳು, ಹೊಟ್ಟು ಎಲ್ಲಾ ಒಳಗ ಸೇರ್ತದ."

ಅದೇನೋ ನಿಜವಿತ್ತು. ಸುಗ್ಗಿ ಬಂತೆಂದರೆ ಆ ರಸ್ತೆಯಲ್ಲಿ ರೈತರು ಬೆಳೆಯನ್ನು ಡಾಂಬರಿನ ಮೇಲೆ ಹಾಸಿಬಿಡುತ್ತಿದ್ದರು. ಬಸ್ಸು, ಟೆಂಪೊ, ಕಾರು ತುಳಿದು ತುಳಿದು ಕಾಳು ಉದುರಬೇಕು. ಬಿಟ್ಟು ಹೋಗಲು ಪಕ್ಕದಲ್ಲಿ ದಾರಿ ಇರುತ್ತಿರಲಿಲ್ಲ.

"ಇದೊಂದ ಸಲ ರಿಪೇರಿ ಮಾಡಸ್ತೀನಿ," ಅಂದ ಗುರುಲಿಂಗ. "ಇನ್ನೊಮ್ಮೆ ಕಡಿದ್ವಂದ್ರ ಗಾಡಿ ಮಾರಿಬಿಡೂದು. ಬಸ್ಸ ಅದಾವ. ಎಲ್ಲಾರೂ ಬಸ್ಸಿನ್ಯಾಗೇ ಹೋಗ್ತಾರ."

ರಾಜೇಶ್ರೀ ಒಳಗೆ ಹೋಗಿ ಚೀಲದ ತಳಕ್ಕೆ ಇನ್ನೊಂದು ಲಂಗ, ಒಂದು ಕಪ್ಪು ಸೀರೆ ತುರುಕಿಕೊಂಡು ಬಸ್ಸಿಗೆ ನಡೆದಳು.

ಮನೆ ಇದ್ದದ್ದು ಶರಣಸಿರಸಗಿ ಕಡೆಯ ಹೊಸ ಬಡಾವಣೆಯಲ್ಲಿ, ಹೊಲಕ್ಕೆ ಅಂಟಿಕೊಂಡು. ಅಲ್ಲಿಂದ ಊರೊಳಗಿನ ಬಸ್ ನಿಲ್ದಾಣಕ್ಕೆ ಒಂದು ಬಸ್ಸು, ನಿಲ್ದಾಣದಿಂದ ಕಮಲಾಪುರಕ್ಕೆ ಇನ್ನೊಂದು. ಎರಡನೆಯದರಲ್ಲಿ ಕೂರಲು ಸೀಟು ಸಿಕ್ಕರೆ ಅದೃಷ್ಟ. ನಿಲ್ಲುವುದು ಅವಳಿಗೆ ಹೊಸದಲ್ಲ, ಮದುವೆಯಾದಾಗಿನಿಂದ ನಿಂತೇ ಹೋಗಿ ಬಂದವಳು. ಆದರೆ ನಲವತ್ತೈದು ದಾಟುತ್ತಿದ್ದಂತೆ ಅವಳ ಮೈ ಲೆಕ್ಕ ತಪ್ಪಿತ್ತು. ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದದ್ದು ಈಗ ಬಂದರೆ ಹೋಗುತ್ತಿರಲಿಲ್ಲ. ನಿಂತುಕೊಂಡರೆ ಇನ್ನೂ ಹೆಚ್ಚು. ಹೋದ ಬೇಸಿಗೆಯಲ್ಲಿ ಒಂದು ದಿನ ಬಸ್ಸಿಳಿದು ಶಾಲೆಯತ್ತ ಹೊರಟಾಗ ಜೊತೆಯ ಟೀಚರ್ ಆಸ್ಫಿಯಾ ಹಿಂದಿನಿಂದ ಬಂದು ಮೈಗೆ ಮೈ ತಾಗಿಸಿ ನಡೆಯತೊಡಗಿದ್ದಳು. "ಹೊಳ್ಳಿ ನೋಡಬ್ಯಾಡ ರಾಜಿ. ಸೀದಾ ನಡಿ. ನಾ ಹಿಂದ ಇದ್ದೀನಿ." ತನ್ನ ದೊಡ್ಡ ಓಢಣಿಯನ್ನು ಅವಳ ಸೊಂಟಕ್ಕೆ ಸುತ್ತಿ, ಮಕ್ಕಳ ಸಾಲುಗಳನ್ನು ದಾಟಿಸಿ ಶೌಚಾಲಯದ ತನಕ ಕರೆದೊಯ್ದಿದ್ದಳು.

ಆ ಸಂಜೆ ರಾಜೇಶ್ರೀ ಕಲೆಯಾದ ಸೀರೆಯನ್ನು ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ ಬಕೆಟಿಗೆ ಹಾಕಿ ನೆನೆಸಿಟ್ಟಳು. ತವರಿನ ಪಾಟಲಿ ಬಳೆ ಮಾರಿ, ಶ್ರಾವಣದ ಹೊತ್ತಿಗೆ ಈ ಹಳೆಯ ಕಾರು ತಂದಳು. ಯಾಕೆಂದು ಮನೆಯಲ್ಲಿ ಕೇಳಿದ್ದಕ್ಕೆ, "ಹೊತ್ತ ಉಳೀತದ" ಅಂದಿದ್ದಳು. ಅದಕ್ಕಿಂತ ಹೆಚ್ಚಿಗೆ ಹೇಳಲು ಬಾಯಿ ಬರಲಿಲ್ಲ.

ಕಾರು ರಿಪೇರಿಯಾಗಿ ಬಂದ ಮೇಲಿನ ಭಾನುವಾರ ಅವಳು ಬೇಗ ಎದ್ದು ಉಪ್ಪಿಟ್ಟು ಮಾಡಿಟ್ಟು, ಸೆರಗು ಸಿಕ್ಕಿಸಿ ಅಂಗಳಕ್ಕೆ ಬಂದಳು. ಭಾಗ್ಯ ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು ಕಂಪೌಂಡಿನ ಮೇಲೆ ಕುಳಿತಿದ್ದಳು.

"ಮಮ್ಮಿ, ಎಂಜಿನ್ ತಣ್ಣಗ ಅದ ಇಲ್ಲ, ಮೊದಲ ನೋಡು."

"ರಾತ್ರಿಯಿಂದ ನಿಂತದ. ತಣ್ಣಗೇ ಅದ."

"ಹಂಗಾದ್ರ ಬ್ಯಾಟರಿ ಕಪ್ಪ ವೈರ್ ಬಿಚ್ಚು. ಆಮ್ಯಾಲ ಬ್ಯಾಟರಿ, ಫ್ಯೂಸ್ ಡಬ್ಬಿ, ಗಾಳಿ ಹೋಗೂ ಬಾಯಿ, ಎಲ್ಲಾದಕ್ಕೂ ಪ್ಲಾಸ್ಟಿಕ್ ಕಟ್ಟು. ಅವಕ್ಕ ನೀರ ತಾಗಬಾರದಂತ."

ತೊಳೆದು ಒಣಗಿಸಿಟ್ಟ ಹಾಲಿನ ಪಾಕೀಟು, ಕಿರಾಣಿ ಚೀಲ ತಂದು ರಾಜೇಶ್ರೀ ಒಂದೊಂದನ್ನೇ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿದಳು. ಬ್ಯಾಟರಿಗೆ ಮಾತ್ರ ದೊಡ್ಡ ಚೀಲ. ಅದರ ಪಕ್ಕದ ತಗಡಿನ ಸಂದಿಯೂ ಸೇರಿ ಆ ಮೂಲೆ ಪೂರ್ತಿ ಮುಚ್ಚಿಹೋಯಿತು.

ವರಾಂಡದಲ್ಲಿ ಪೇಪರ್ ಓದುತ್ತಿದ್ದ ಗುರುಲಿಂಗ ಕೂಗಿ ಹೇಳಿದ, "ಇಷ್ಟ್ಯಾಕ ಪರೇಶಾನ? ಪೈಪ್ ಹಚ್ಚಿ ನೀರ ಬಿಡು, ಐದ ಮಿನಿಟಿನ್ಯಾಗ ಸಾಫ್."

"ಪಪ್ಪಾ, ಪೈಪ್ ಹಚ್ಚಿದ್ರ ಇಲಿ ಬ್ಯಾಡ, ನಾವೇ ಗಾಡಿ ಕೆಡಿಸಿದಂಗ ಆಗ್ತದ."

"ಹೌದವ್ವ, ಎಲ್ಲಾ ನಿನಗೇ ಗೊತ್ತು."

ಮೊದಲು ಒಣ ಬ್ರಷ್ಷಿನಿಂದ ಹುಲ್ಲು, ಹಿಕ್ಕೆ, ಸೋಯಾದ ಹೊಟ್ಟು ಎಲ್ಲ ಗುಡಿಸಿ ತೆಗೆದಳು. ಸಂದಿಯಲ್ಲಿ ಸಿಕ್ಕಿದ್ದನ್ನು ಸೈಕಲ್ ಪಂಪಿನ ಗಾಳಿಯಿಂದ ಊದಿದಳು. ಅಂಗಡಿಯಿಂದ ತಂದ ಜಿಡ್ಡು ಬಿಡಿಸುವ ದ್ರಾವಣವನ್ನು ಬಟ್ಟೆಗೆ ಹಾಕಿಕೊಂಡು ಒರೆಸುತ್ತ, ಬಟ್ಟೆ ಹೋಗದ ಕಡೆ ಹಳೆಯ ಹಲ್ಲುಜ್ಜುವ ಬ್ರಷ್ಷು ಆಡಿಸಿದಳು. ಸೊಂಟ ಬಗ್ಗಿಸಿ ನಿಂತು ನಿಂತು ಕೆಳಹೊಟ್ಟೆ ಜಗ್ಗತೊಡಗಿತು. ನಡುವೆ ಒಳಗೆ ಹೋಗಿ ಬೇಳೆಗೆ ಒಗ್ಗರಣೆ ಹಾಕಿ ಬಂದಳು. ಒದ್ದೆ ಬಟ್ಟೆ, ಅದರ ಮೇಲೆ ಒಣ ಬಟ್ಟೆ. ಕೊನೆಗೆ ರಬ್ಬರು, ಪ್ಲಾಸ್ಟಿಕ್ಕು ಬಿರಿಯದಂತೆ ಪಾಲಿಶ್ ಹಚ್ಚಿ, ವೈರುಗಳಿಗೆ ಹೊಸ ಟೇಪು ಸುತ್ತಿದಳು.

"ಕೊನೀಗಿ ಏನ ಹೇಳ್ತಾರ ಗೊತ್ತೇನ ಮಮ್ಮಿ?" ಭಾಗ್ಯ ನಕ್ಕಳು. "ತಂಬಾಕ ಎಲಿ ಕಟ್ಟಬೇಕಂತ. ಆ ವಾಸನಿಗಿ ಇಲಿ ಬರಂಗಿಲ್ಲಂತ."

ತಾಯಿ ಮಗಳು ಇಬ್ಬರೂ ಕಟ್ಟೆಯತ್ತ ನೋಡಿದರು. ದುಂಡಮ್ಮ ತನ್ನ ಎಲೆಯಡಿಕೆಯ ಸಂಚಿಯನ್ನು ಸೀರೆಯ ಅಡಿಗೆ ಎಳೆದುಕೊಂಡಳು.

"ಅತ್ತಿ, ಜರಾ ತಂಬಾಕ ಕೊಡ್ತೀರೇನ್ರಿ?"

"ಕೊಡೂದಿಲ್ಲ. ನನ್ನ ತಂಬಾಕ ಇಲಿಗಿ ತಿನಸ್ತಿಯೇನ?"

"ತಿನಸೂದಿಲ್ರಿ, ಓಡಸೂದು."

"ಅರವತ್ತ ವರ್ಷದಿಂದ ತಿನ್ನಾಕತ್ತೀನಿ. ನಮ್ಮ ಮನ್ಯಾಗಿನ ಇಲಿ ಒಂದೂ ಓಡಿಲ್ಲ."

ಗುರುಲಿಂಗ ಪೇಪರಿನ ಹಿಂದೆ ಗಟ್ಟಿಯಾಗಿ ನಕ್ಕ. ರಾಜೇಶ್ರೀಗೂ ನಗು ಬಂತು. ತಂಬಾಕು ಮಾತ್ರ ಸಿಗಲಿಲ್ಲ. ನಾಲ್ಕು ಡಾಂಬರು ಗುಳಿಗೆ ಇಟ್ಟು ಬಾನೆಟ್ ಮುಚ್ಚಿದಳು.

ಊಟಕ್ಕೆ ಕುಳಿತಾಗ ಗುರುಲಿಂಗ ರೊಟ್ಟಿ ಮೂಸಿ ನೋಡಿದ. "ಇದರಾಗ ಪೆಟ್ರೋಲ್ ವಾಸನಿ ಬರಾಕತ್ತದ."

"ಕೈ ತೊಳಕೊಂಡೇ ಬಡದೀನ್ರಿ."

"ತೊಳಕೊಂಡ್ರೂ ಬರಾಕತ್ತದ."

"ಹಂಗಾದ್ರ ಮುಂದಿನ ಐತವಾರ ನೀ ಗಾಡಿ ತೊಳಿ, ಆಕಿ ರೊಟ್ಟಿ ಬಡೀತಾಳ," ಅಂದಳು ದುಂಡಮ್ಮ, ಎಲ್ಲರೂ ತಿರುಗಿ ನೋಡುವಷ್ಟು ಸಹಜವಾಗಿ. ಮರುಕ್ಷಣವೇ ಸೊಸೆಗೆ, "ಉಪ್ಪ ಎಲ್ಲದ? ಪಲ್ಯ ಸಪ್ಪಗ ಅದ," ಎಂದು ಗದರಿದಳು.

ಆಮೇಲಿನ ಭಾನುವಾರಗಳು ಹೀಗೇ ಹೋದವು. ಶಾಲೆಯ ಉತ್ತರಪತ್ರಿಕೆ, ವಾರದ ಬಟ್ಟೆ, ರೊಟ್ಟಿ, ಅದರ ಜೊತೆ ಇದೊಂದು. ಬಾನೆಟ್ ಎತ್ತು, ಮುಚ್ಚಬೇಕಾದ್ದು ಮುಚ್ಚು, ಗುಡಿಸು, ಒರೆಸು. ಸೋಯಾ ಹಾಸಿದ ಕಡೆ ಕಾರು ನಿಧಾನ ಮಾಡಿ, ಶಾಲೆ ತಲುಪಿದ ಕೂಡಲೇ ಬಗ್ಗಿ ತಳಕ್ಕೆ ಸಿಕ್ಕ ಕಡ್ಡಿಗಳನ್ನು ಕಿತ್ತು ಹಾಕುತ್ತಿದ್ದಳು. ಆಸ್ಫಿಯಾ ನಗುತ್ತಿದ್ದಳು. "ಕೂಸಿಗಿ ಹೇನ ತಗ್ದಂಗ ತಗೀತಿ ನೋಡು." ಕೆಂಪು ಬಾಳೆಹಣ್ಣು ಕೊಳ್ಳುವುದನ್ನೇ ಬಿಟ್ಟಳು. ದುಂಡಮ್ಮ ಎರಡು ಸಲ ಕೇಳಿದಳು, "ಕಮಲಾಪುರದಾಗ ಬಾಳಿಹಣ್ಣ ತೀರ್ಯಾವೇನ?"

ದೀಪಾವಳಿ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಗಾಡಿ ಪೂಜೆ ಆ ಮನೆಯ ಕ್ರಮ. ಮೊದಲು ಸ್ಕೂಟರಿಗಷ್ಟೇ ಇತ್ತು, ಈಗ ಕಾರಿಗೂ. ಗುರುಲಿಂಗ ಸ್ನಾನ ಮಾಡಿ ಬಾನೆಟ್ ಎತ್ತಿ ಎಂಜಿನ್ನಿಗೆ ವಿಭೂತಿ, ಕುಂಕುಮ ಹಚ್ಚುತ್ತಿದ್ದ. ದುಂಡಮ್ಮ ಪೂಜೆಯ ತಾಟು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದಳು. ಗಾಡಿಯ ಮುಂದೆ ಕಾಯಿ ಒಡೆದು, ಲಿಂಬೆಹಣ್ಣು ಗಾಲಿಯ ಕೆಳಗೆ ಇಡುವುದು. ಅಷ್ಟು ಹೊತ್ತೂ ರಾಜೇಶ್ರೀ ಅಡುಗೆಮನೆಯಲ್ಲಿ ಹೋಳಿಗೆಯ ಮುಂದೆ ಇರುತ್ತಿದ್ದಳು.

ಆ ಅಮಾವಾಸ್ಯೆಯ ಮುಂದಿನ ಭಾನುವಾರ ಬಾನೆಟ್ ಎತ್ತಿದಾಗ ಮತ್ತೆ ಹಿಕ್ಕೆ ಕಂಡಿತು. ಒಂದು ಡಾಂಬರು ಗುಳಿಗೆ ಉರುಳಿ ಬೇರೆ ಕಡೆ ಬಿದ್ದಿತ್ತು. ವೈರು ಕಡಿದಿರಲಿಲ್ಲ. ಅವಳು ಸುತ್ತ ನೋಡಿ, ಯಾರಿಗೂ ಹೇಳದೆ ಗುಡಿಸಿ ಹಾಕಿದಳು. ತಂತಿಯ ಜಾಲರಿ ತಂದು ತಳದ ದೊಡ್ಡ ಸಂದಿಗೆ ಕಟ್ಟಿದಳು. ಕಟ್ಟುವಾಗ ಬೆರಳು ಕುಯ್ದುಕೊಂಡಳು. ಅದಕ್ಕೆ ಅರಿಸಿನ ಒತ್ತಿಕೊಂಡು ಹಿಟ್ಟು ನಾದಲು ಹೋದಳು.

ಮುಂದಿನ ತಿಂಗಳ ಛಟ್ಟಿ ಅಮಾವಾಸ್ಯೆ ಕಳೆದು ಎರಡು ದಿನಕ್ಕೆ ಕಾರಿನ ಹಾರ್ನು ನಿಂತಿತು. ರಿಂಗ್ ರಸ್ತೆಯಲ್ಲಿ ಒಂದು ಟೆಂಪೊ ಮೈಮೇಲೇ ಬಂದಾಗ ಒತ್ತಿದಳು, ಸದ್ದೇ ಇಲ್ಲ. ಮನೆಗೆ ಬಂದು ಬಾನೆಟ್ ಎತ್ತುವಷ್ಟರಲ್ಲಿ ಗುರುಲಿಂಗನ ಸ್ಕೂಟರ್ ಬಂತು. ಅವನು ಬಗ್ಗಿ ನೋಡಿದ. ಟೇಪು ಹರಿದು, ಹಾರ್ನಿನ ವೈರು ಎರಡು ತುಂಡಾಗಿತ್ತು.

"ಮುಗೀತು," ಅಂದ.

"ಸಣ್ಣ ವೈರದ್ರಿ. ನಾನೇ ಜೋಡಸ್ತೀನಿ."

"ಇವತ್ತ ಹಾರ್ನ್. ನಾಳಿ ಬ್ರೇಕ್ ಹೋದ್ರ? ನಡು ದಾರ್ಯಾಗ, ಒಬ್ಬಾಕಿನೇ ಇರ್ತಿ. ನನಗ ಬ್ಯಾಂಕಿನ್ಯಾಗ ಕುಂತ್ರ ಕೆಲಸದ ಮ್ಯಾಲ ಧ್ಯಾನ ಇರಂಗಿಲ್ಲ. ಫೋನ್ ಬಂತಂದ್ರ ಎದಿ ಧಸಕ್ ಅಂತದ."

ಅವನ ಮುಖದಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ಅವಳು ಬಾನೆಟ್ ಇಳಿಸಿದಳು.

ಭಾನುವಾರ ಗುರುಲಿಂಗನ ಬ್ಯಾಂಕಿನ ಆನಂದಕುಮಾರ ಕಾರು ನೋಡಲು ಬಂದ. ರಾಜೇಶ್ರೀ ಹಾರ್ನಿನ ವೈರು ಜೋಡಿಸಿ ಎಂದಿನಂತೆ ಎಲ್ಲ ಒರೆಸಿಟ್ಟಿದ್ದಳು. ಆನಂದಕುಮಾರ ಬಾನೆಟ್ ಎತ್ತಿ ಹುಬ್ಬೇರಿಸಿದ.

"ಏನ್ರೀ ಸರ, ಶೋರೂಮಿನಿಂದ ಈಗ ತಂದಂಗದ! ಹಳೀ ಗಾಡಿ ಅಂದಿದ್ರಿ. ಕೈ ಇಟ್ರ ಕೈಗಿ ಏನೂ ಹತ್ತಂಗಿಲ್ಲ."

"ನಮ್ಮಾಕಿ ವಾರಾ ವಾರಾ ತೊಳೀತಾಳ," ಅಂದ ಗುರುಲಿಂಗ ಹೆಮ್ಮೆಯಿಂದ.

"ಹಂಗಾದ್ರ ರೇಟಿನ ಮಾತೇ ಬ್ಯಾಡ. ನೀವು ಹೇಳಿದ್ದಕ್ಕೇ ತಗೋತೀನಿ. ಎಳ್ಳಮವಾಸಿ ಮುಗೀಲಿ, ಮರದಿನ ಬಂದ ಒಯ್ತೀನಿ."

ಚಹಾ ತಂದ ರಾಜೇಶ್ರೀ ತಟ್ಟೆ ಹಿಡಿದು ನಿಂತೇ ಇದ್ದಳು. ಅವನು ಹೋದ ಮೇಲೆ ಗುರುಲಿಂಗ ಹೇಳಿದ, "ನೋಡು, ನೀ ತೊಳದದ್ದು ಬೇಕಾರ ಹೋಗಲಿಲ್ಲ, ಚಲೋ ರೇಟ ಬಂತು."

ಕಪ್ಪುಗಳನ್ನು ಬಚ್ಚಲಿಗೆ ಒಯ್ದು ಅವಳು ನಲ್ಲಿಯನ್ನು ದೊಡ್ಡದಾಗಿ ತಿರುವಿದಳು. ಭಾಗ್ಯ ಹಿಂದಿನಿಂದ ಬಂದು ನಿಂತಳು.

"ಮಮ್ಮಿ, ಪಪ್ಪಾಗ ಖರೇ ಹೇಳಬಾರದೇನ?"

"ಏನ ಖರೇ?"

"ನಿನ್ನ ಪ್ಯಾಡಿನ ಪಾಕೀಟ ತರಾಕಿ ನಾನೇ ಅಲ್ಲೇನ. ನನಗ ಗೊತ್ತಾಗಂಗಿಲ್ಲೇನ?"

ರಾಜೇಶ್ರೀ ಕಪ್ಪು ಉಜ್ಜುತ್ತಲೇ ಇದ್ದಳು. "ನಿನ್ನ ಪರೀಕ್ಷಾ ಹತ್ರ ಬಂತು. ಓದ್ಕೋ ಹೋಗು."

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಅಲ್ಲೇ ಊಟ ಮಾಡಿ ಬರುವುದು ಬಿಡುವಂತಿಲ್ಲ. ಗುರುಲಿಂಗನ ಪಾಲಿನ ತುಂಡು ಹೊಲವನ್ನು ಮಹಾಗಾಂವದಲ್ಲಿ ಅವನ ಕಾಕನ ಮಗ ರೇವಣ ಸಾಗುಮಾಡುತ್ತಿದ್ದ. ರಾಜೇಶ್ರೀ ನಸುಕಿಗೇ ಎದ್ದು ಸಜ್ಜೆ ರೊಟ್ಟಿ ಬಡಿದಳು, ಸಜ್ಜೆ ಕಡಬು ಬೇಯಿಸಿದಳು, ದೊಡ್ಡ ಪಾತ್ರೆಯಲ್ಲಿ ಕಾಳು, ಸೊಪ್ಪು, ಬದನೆಕಾಯಿ ಎಲ್ಲ ಸೇರಿಸಿ ಭಜ್ಜಿ ಕುದಿಸಿದಳು. ಹಿಂದಿನ ದಿನವೇ ಮುಟ್ಟು ಶುರುವಾಗಿತ್ತು. ಒಲೆಯ ಪಕ್ಕದ ಗೋಡೆಗೆ ಒರಗಿಕೊಂಡೇ ಸೌಟು ಆಡಿಸಿದಳು.

ಹೊರಗೆ ಗಾಡಿ ಪೂಜೆ ನಡೆಯುತ್ತಿತ್ತು. ಭಜ್ಜಿಯ ಹಬೆಗೆ ಉಸಿರು ಕಟ್ಟಿದಂತಾಗಿ ಅವಳು ಕಿಟಕಿ ತೆರೆದಳು. ಗುರುಲಿಂಗ ಕಾಯಿ ಹಿಡಿದು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಎತ್ತಿದ ಬಾನೆಟ್ಟಿನ ಪಕ್ಕ ನಿಂತಿದ್ದ ದುಂಡಮ್ಮ ಒಮ್ಮೆ ಮಗನತ್ತ, ಒಮ್ಮೆ ಬಾಗಿಲತ್ತ ನೋಡಿದಳು. ಆಮೇಲೆ ಸೊಂಟದ ಗಂಟಿನಿಂದ ಕೆಂಪನೆಯದೇನನ್ನೋ ತೆಗೆದು, ಬ್ಯಾಟರಿಯ ಬದಿಯ ಸಂದಿಗೆ ಕೈ ಇಳಿಸಿದಳು. ಕೈ ಬರಿದಾಗಿ ಮೇಲೆ ಬಂತು. ಕಾಯಿ ಒಡೆದ ಸದ್ದು ಕೇಳಿತು.

ಗುರುಲಿಂಗ ಬಟ್ಟೆ ಬದಲಿಸಲು ಒಳಗೆ ಹೋದ ಕೂಡಲೇ ರಾಜೇಶ್ರೀ ಒಲೆ ಸಣ್ಣ ಮಾಡಿ ಅಂಗಳಕ್ಕೆ ಬಂದಳು. ಬಾನೆಟ್ ಇನ್ನೂ ತೆರೆದೇ ಇತ್ತು. ಅಷ್ಟು ಭಾನುವಾರ ಅವಳು ಪ್ಲಾಸ್ಟಿಕ್ ಚೀಲ ಮುಚ್ಚಿ ಜೋಪಾನ ಮಾಡಿದ ಮೂಲೆ ಅದು. ಒಮ್ಮೆಯೂ ಅಲ್ಲಿಗೆ ಬ್ರಷ್ಷು ಹಾಕಿರಲಿಲ್ಲ. ತೋಳು ತೂರಿಸಿ ತಡಕಿದಳು. ಮೊದಲು ಸಿಕ್ಕದ್ದು ಇನ್ನೂ ಕುಂಕುಮದ ವಾಸನೆ ಇದ್ದ ಕೆಂಪು ಗಂಟು, ಒಳಗೆ ಒಂದು ಇಡೀ ಕೊಬ್ಬರಿ ಬಟ್ಟಲು. ಅದರ ಕೆಳಗೆ ಹಳೆಯವು, ಚಿಂದಿಯಾದ ಅರಿವೆ, ಅಂಚೆಲ್ಲ ಇಲಿ ತಿಂದ ಕೊಬ್ಬರಿ ಚೂರುಗಳು.

ಹಿಂದೆ ಕೆಮ್ಮಿದ ಸದ್ದಾಯಿತು. ದುಂಡಮ್ಮ ತಾಟು ಹಿಡಿದುಕೊಂಡು ನಿಂತಿದ್ದಳು.

"ಅತ್ತಿ, ಇದೇನ್ರಿ?"

"ಕೊಬ್ಬರಿ."

"ಕೊಬ್ಬರಿ ಅಂತ ಕಾಣಸ್ತದ್ರಿ. ಯಾಕ?"

ದುಂಡಮ್ಮ ರಸ್ತೆಯತ್ತ ಮುಖ ತಿರುಗಿಸಿದಳು. "ದೃಷ್ಟಿ ತಾಗಬಾರದಂತ ಕಟ್ಟೀನಿ. ಅಮವಾಸಿಗೊಮ್ಮೆ ಹೊಸಾದು ಹಾಕಬೇಕು. ನಮ್ಮ ಮಾವ ಬಂಡಿಗಿ ಕಟ್ತಿದ್ರು. ಬಂಡಿಗಿ ಯಾವ ಇಲಿ ಬಂದಿಲ್ಲ."

"ಬಂಡಿಗಿ ವೈರ್ ಇರ್ಲಿಲ್ರಿ."

"ಅದ ನನಗೇನ ಗೊತ್ತು?"

ರಾಜೇಶ್ರೀ ಕಾರಿನ ಅಂಚಿಗೆ ಒರಗಿದಳು. ನಗು ಬರಬೇಕಿತ್ತು, ಅಳು ಬರಬೇಕಿತ್ತು. ಎರಡಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ. "ಗಾಡಿ ಬ್ಯಾಡ ಬ್ಯಾಡ ಅಂತಿದ್ದಿರಿ. ಮತ್ತ ಯಾಕ ಕಟ್ಟಾಕ ಹೋದಿರಿ?"

"ಬ್ಯಾಡ ಅಂದೆ. ಬಂದ ಮ್ಯಾಲ ಕೆಡಲಿ ಅನ್ನಾಕ ಆಗ್ತದೇನ?" ಮುದುಕಿ ದನಿ ಇಳಿಸಿದಳು. "ನೀ ಟ್ಯಾಂಕಿನ ಹಿಂದ ಬಕೇಟ ಇಟ್ಟಿದ್ದಿ. ನಾ ಸಂಡಿಗಿ ಒಣಗ್ಸಾಕ ಮಾಳಗಿಗಿ ಹೋಗಿದ್ದೆ. ನೋಡೀನಿ. ಬಸ್ಸಿನ್ಯಾಗ ಹ್ಯಾಂಗ ನಿಂದರ್ತಾಳ ಇಕಿ ಅಂತ ಅನ್ಕೊಂಡೆ. ಗಾಡಿ ನೆಟ್ಟಗಿರಲಿ ಅಂತ ಕಟ್ಟೀನಿ."

ರಾಜೇಶ್ರೀ ಚಿಂದಿಗಳನ್ನು ಒಟ್ಟುಮಾಡಿ ಮುಷ್ಟಿಯಲ್ಲಿ ಹಿಡಿದಳು.

"ನಿನ್ನ ವಯಸ್ಸಿನ್ಯಾಗ ನನಗೂ ಹಂಗೇ ಹೋಗ್ತಿತ್ತು. ಜ್ವಾಳದ ಹೊಲದಾಗ ಕಳಿ ತಗೀತಾ ಕುಂತ್ರ ಏಳಾಕ ನಾಚಿಕಿ. ಎಲ್ಲಾರೂ ಮನಿಗಿ ಹೋಗಲಿ ಅಂತ ಕುಂತೇ ಇರ್ತಿದ್ದೆ. ಇಷ್ಟೊತ್ತ ಏನ ಮಾಡ್ತಿದ್ದಿ ಅಂತ ನಮ್ಮ ಅತ್ತಿ ಬೈತಿದ್ದಳು."

"ನನಗ ಹೇಳಬಾರದಿತ್ತೇನ್ರಿ?"

"ನೀ ಹೇಳಿಯೇನ ನನಗ?"

ಒಳಗೆ ಗುರುಲಿಂಗ ಶರ್ಟಿನ ಗುಂಡಿಗಾಗಿ ಮಗಳನ್ನು ಕೂಗುತ್ತಿದ್ದ. ದುಂಡಮ್ಮ ಸೊಸೆಯ ಕೈಯಲ್ಲಿದ್ದ ಗಂಟು, ಚಿಂದಿಗಳನ್ನು ತಾಟಿನೊಳಗೆ ಹಾಕಿಸಿಕೊಂಡು ಮೇಲೆ ಸೆರಗು ಮುಚ್ಚಿದಳು. "ಗುರುಗ ಹೇಳಬ್ಯಾಡ ನೋಡು. ಮುದುಕಿ ಕಡಿಂದ ಹಾಳಾತಂತ ರೇವಣನ ಮುಂದ, ಊರ ಮುಂದ ಆಡ್ಕೋತಾನ."

ಮಹಾಗಾಂವದ ತನಕ ಕಾರನ್ನು ಗುರುಲಿಂಗನೇ ನಡೆಸಿದ. ರಸ್ತೆಯ ಎರಡೂ ಬದಿ ತೊಗರಿ ಒಣಗಿ ನಿಂತಿತ್ತು. ಕೆಲವು ಕಡೆ ಕೊಯ್ಲು ಶುರುವಾಗಿತ್ತು. ಹೊಲದ ಬೇವಿನ ಮರದ ಕೆಳಗೆ ಜಮಖಾನೆ ಹಾಸಿ, ಪೂಜೆ ಮಾಡಿ, ರೇವಣ ಚರಗದ ಬುಟ್ಟಿ ಹೊತ್ತು ತನ್ನ ಮನೆಯವರೊಂದಿಗೆ ಬದುವಿನಗುಂಟ ಹೋದ. ಮರದ ಕೆಳಗೆ ಇವರು ನಾಲ್ವರೇ ಉಳಿದರು. ರಾಜೇಶ್ರೀ ಎಲ್ಲರಿಗೂ ಭಜ್ಜಿ ಬಡಿಸಿ ಕೊನೆಗೆ ತಾನೂ ಕುಳಿತಳು.

"ನಾಳಿ ಇಷ್ಟೊತ್ತಿಗಿ ಗಾಡಿ ಆನಂದಕುಮಾರನ ಮನ್ಯಾಗ ಇರ್ತದ," ಅಂದ ಗುರುಲಿಂಗ ರೊಟ್ಟಿ ಮುರಿಯುತ್ತ. "ಒಂದ ಚಿಂತಿ ಹೋತು."

"ಗಾಡಿ ಕೊಡೂದಿಲ್ರಿ."

"ಏನಂದಿ?"

"ಕೊಡೂದಿಲ್ಲಂತ ಅವರಿಗಿ ಫೋನ್ ಮಾಡ್ರಿ."

"ಮಾತ ಕೊಟ್ಟೀನಿ ಅವನಿಗಿ."

"ನನ್ನ ಕೇಳಿ ಕೊಟ್ಟಿಲ್ಲ."

ಗುರುಲಿಂಗ ತಾಯಿಯತ್ತ ನೋಡಿದ. ಆಕೆ ಕಡಬನ್ನು ಬಹಳ ಸಣ್ಣ ಸಣ್ಣ ತುಂಡು ಮಾಡುತ್ತಿದ್ದಳು. ಅವನು ಹೆಂಡತಿಯತ್ತ ಹೊರಳಿದ. "ಹುಚ್ಚ ಹಿಡಿದದೇನ ನಿನಗ? ಬಸ್ಸಿನ್ಯಾಗ ಹೋಗಾಕ ಏನಾಗ್ಯದ?"

ರಾಜೇಶ್ರೀ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನಿಂದರಾಕ ಆಗೂದಿಲ್ರಿ. ನನಗ ರಕ್ತ ಹೋಗ್ತದ. ಶುರುವಾದ್ರ ನಿಂದರೂದಿಲ್ಲ. ಬ್ಯಾಸಿಗ್ಯಾಗ ಬಸ್ಸಿನ್ಯಾಗೇ ಸೀರಿ ತೊಯ್ದು, ಹುಡುಗುರ ನಡುವ ಆಸ್ಫಿಯಾ ಓಢಣಿ ಸುತ್ತಿ ಒಯ್ದಳು. ಅದಕ್ಕ ಪಾಟ್ಲಿ ಮಾರಿ ಗಾಡಿ ತಂದೀನಿ. ಹೊತ್ತ ಉಳಸಾಕ ಅಲ್ಲ."

ಗಾಳಿಗೆ ತೊಗರಿಯ ಒಣ ಕಾಯಿಗಳು ಗಲಗಲ ಅಂದವು. ಗುರುಲಿಂಗ ರೊಟ್ಟಿ ಕೆಳಗಿಟ್ಟ. ಮಗಳತ್ತ ನೋಡದೆಯೇ ಹೇಳಿದ, "ಭಾಗ್ಯಾ, ಜರಾ ನೀರ ತಗೊಂಬಾ."

"ನೀರ ಇಲ್ಲೇ ಅದ ಪಪ್ಪಾ." ಅವಳು ಕೂತಲ್ಲಿಂದ ಏಳಲಿಲ್ಲ.

"ಮೊದಲ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಲಿ? ಎಲ್ಲಾರೂ ಬಸ್ಸಿನ್ಯಾಗೇ ಹೋಗ್ತಾರ ಅಂದ್ರಿ."

ಅವನು ಜಮಖಾನೆಯ ಅಂಚನ್ನು ಸರಿಮಾಡಿದ. "ದವಾಖಾನಿಗಿ ತೋರ್ಸಿಯೇನು?"

"ತೋರ್ಸೀನಿ. ಸ್ಕ್ಯಾನ್ ಮಾಡ್ಸು ಅಂದಾರ. ರಜಾ ಸಿಕ್ಕಾಗ ಅಂತ ಬಿಟ್ಟೀನಿ."

"ಹೂಂ." ಮತ್ತೆ ರೊಟ್ಟಿ ಎತ್ತಿಕೊಂಡ, ತಿನ್ನಲಿಲ್ಲ. "ಮತ್ತ ಇಲಿ? ಇಲಿಗಿ ಏನ ಮಾಡ್ತಿ? ಬ್ರೇಕ್ ಕಡಿದ್ರ?"

ದುಂಡಮ್ಮನ ಕೈ ತಟ್ಟೆಯಲ್ಲಿ ನಿಂತಿತು.

"ಯಾಕ ಬರ್ತಾವ ಗೊತ್ತಾಗ್ಯದ್ರಿ," ಅಂದಳು ರಾಜೇಶ್ರೀ. "ಇನ್ನ ಬರಂಗಿಲ್ಲ."

"ಯಾಕ ಬರ್ತಿದ್ವು?"

"ಅದ ನನಗ ಬಿಡ್ರಿ. ಭಜ್ಜಿ ಹಾಕ್ಲೇನು?"

ಅವನು ಹೆಂಡತಿಯನ್ನೇ ನೋಡಿದ. ಕೈ ತೊಳೆದು ಫೋನ್ ಹಿಡಿದು ಸಿಗ್ನಲ್ ಹುಡುಕುತ್ತ ಬದುವಿನತ್ತ ನಡೆದ. ಅವನ ಮಾತು ಗಾಳಿಯಲ್ಲಿ ತುಂಡು ತುಂಡಾಗಿ ಕೇಳಿಸಿತು. "ಇಲ್ಲಪ್ಪ ಆನಂದಕುಮಾರ, ತಪ್ಪ ತಿಳಕೋಬ್ಯಾಡ... ನಮ್ಮ ಅವ್ವಗ ಮನಸ್ಸಿಲ್ಲ... ಹಳೀ ಮಂದಿ, ಏನ ಮಾಡೂದು..."

ಭಾಗ್ಯ ಬಾಯಿ ಮುಚ್ಚಿಕೊಂಡು ನಕ್ಕಳು. "ಆಯಿ, ನಿನ್ನ ಮ್ಯಾಲ ಹಾಕ್ಯಾನ."

"ಹಾಕಲಿ ಬಿಡು," ಅಂದಳು ದುಂಡಮ್ಮ. "ನನ್ನ ಮ್ಯಾಲೇ ಬರಲಿ." ಆಮೇಲೆ ತನ್ನ ತಟ್ಟೆಯ ಕಡಬನ್ನು ಸೊಸೆಯ ತಟ್ಟೆಗೆ ಸರಿಸಿದಳು. "ತಿನ್ನು. ಮುಖದಾಗ ರಕ್ತ ಇಲ್ಲ."

ಮರುದಿನ ಶಾಲೆ ಇತ್ತು. ರಾಜೇಶ್ರೀ ಡಬ್ಬಿ ಕಟ್ಟಿಕೊಂಡು ಹೊರಗೆ ಬಂದಾಗ ಗುರುಲಿಂಗ ಅಂಗಳದಲ್ಲಿ ನಿಂತಿದ್ದ. ಶನಿವಾರ ಸ್ಕ್ಯಾನಿಗೆ ಹೆಸರು ಹಚ್ಚಿಸುತ್ತೇನೆಂದು ಸ್ಕೂಟರಿನ ಕನ್ನಡಿಗೆ ಹೇಳಿದಂತೆ ಹೇಳಿ, ಸ್ಕೂಟರ್ ಏರಿ ಹೋದ. ಸಿಂಕಿನಲ್ಲಿ ಪಾತ್ರೆಗಳು ಹಾಗೇ ಬಿದ್ದಿದ್ದವು. ಸಂಜೆ ಬಂದು ಅವಳೇ ತೊಳೆಯಬೇಕು.

ಕಾರಿನ ಬಾಗಿಲು ತೆಗೆಯುವಾಗ ದುಂಡಮ್ಮ ಕಟ್ಟೆಯಿಂದ ಇಳಿದು ಬಂದಳು.

"ಬಾನೆಟ್ ಎತ್ತು."

"ಅತ್ತಿ, ಮತ್ತ ಕೊಬ್ಬರಿ ಅಂದ್ರ—"

"ಎತ್ತ ಅಂದೆ."

ಎತ್ತಿದಳು. ದುಂಡಮ್ಮ ಸೊಂಟದಿಂದ ಕೆಂಪು ಗಂಟು ತೆಗೆದು, ಈ ಸಲ ಸಂದಿಗೆ ತುರುಕದೆ, ಎಲ್ಲರಿಗೂ ಕಾಣುವಂತೆ ಬಾನೆಟ್ಟಿನ ಕೀಲಿನ ಹತ್ತಿರದ ಕಂಬಿಗೆ ಬಿಗಿದಳು. ಗಂಟು ಹಗುರವಾಗಿತ್ತು. ರಾಜೇಶ್ರೀ ಬಗ್ಗಿ ಮೂಸಿದಳು. ಘಾಟಿಗೆ ಕಣ್ಣಲ್ಲಿ ನೀರು ಬಂತು.

"ತಂಬಾಕೇನ್ರಿ?"

"ಹೂಂ. ಇದ್ದದ್ದೆಲ್ಲಾ ಕಟ್ಟೀನಿ. ಬರೋವಾಗ ನನಗ ತಗೊಂಬಾ. ಕಮಲಾಪುರದಾಗ ಸಿಗ್ತದ." ಎರಡು ಹೆಜ್ಜೆ ಹೋಗಿ ಹೊರಳಿ ನಿಂತಳು. "ಬಾಳಿಹಣ್ಣೂ."

ಮಹಾಗಾಂವ ದಾಟುವಷ್ಟರಲ್ಲಿ ಎಂಜಿನ್ ಕಾದಿತ್ತು. ಗಾಳಿ ಬರುವ ಕಿಂಡಿಯಿಂದ ಬಿಸಿ ತಂಬಾಕಿನ ವಾಸನೆ ಕಾರಿನೊಳಗೆಲ್ಲ ತುಂಬಿಕೊಂಡಿತು, ಪಕ್ಕದಲ್ಲೇ ಅತ್ತೆ ಎಲೆ ಅಗಿಯುತ್ತ ಕೂತಂತೆ. ರಾಜೇಶ್ರೀ ಸೀನಿದಳು, ಮತ್ತೆ ಸೀನಿದಳು. ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಸೀಟಿಗೆ ಬೆನ್ನು ಒರಗಿಸಿ ಹೊಡೆಯತೊಡಗಿದಳು.